ನರಳುತ್ತಿದ್ದವರನ್ನು ಬಿಟ್ಟು ಸುಮ್ಮನಿದ್ದವರನ್ನು ಮೊದಲು ಒಯ್ದಿದ್ದು ಯಾಕೆ?

ಓದುಗರ ಪ್ರಶ್ನೆ: "ಸರ್, ನಮ್ಮೂರು ಶಿರಾ ಹತ್ತಿರ, ಹೈವೇ ಪಕ್ಕದಲ್ಲೇ ಇದೆ. ಕೆಲವು ತಿಂಗಳ ಹಿಂದೆ ಬೆಳಗಿನ ಜಾವ ಒಂದು ಬಸ್ ಮಗುಚಿ ಬಿತ್ತು. ಊರಿನವರೆಲ್ಲ ಓಡಿ ಹೋದೆವು. ಬಸ್ಸಿನಲ್ಲಿ ನಮ್ಮ ಚಿಕ್ಕಪ್ಪನೂ ಇದ್ದರು. ಮೊಣಕಾಲ ಕೆಳಗೆ ಮೂಳೆ ಮುರಿದು ಜೋರಾಗಿ ಕೂಗಿಕೊಳ್ಳುತ್ತಿದ್ದರು. ಮೊದಲು ಬಂದ ಆಂಬುಲೆನ್ಸಿನವರು ಅವರ ಕೈ ಹಿಡಿದು ನೋಡಿ, ಹಳದಿ ಪಟ್ಟಿ ಕಟ್ಟಿ ಮುಂದೆ ಹೋಗಿಬಿಟ್ಟರು. ಮೈಮೇಲೆ ಒಂದು ಹನಿ ರಕ್ತ ಇಲ್ಲದೆ ಸುಮ್ಮನೆ ಮಲಗಿದ್ದ ಹೆಂಗಸನ್ನು ಎಲ್ಲರಿಗಿಂತ ಮೊದಲು ಕಳಿಸಿದರು. ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ಉಸಿರಾಡುತ್ತಿರಲಿಲ್ಲ. ಎದೆ ಒತ್ತಿ ಅಂತ ನಾನು ಕೂಗಿದೆ. ಅವರು ಗದ್ದ ಎತ್ತಿ ನೋಡಿ, ಕಪ್ಪು ಪಟ್ಟಿ ಹಾಕಿ ಬಿಟ್ಟರು. ಜನ ರೊಚ್ಚಿಗೆದ್ದು ಅವರನ್ನು ಹೊಡೆಯೋಕೇ ಹೋದರು. ಆಮೇಲೆ ನಾವೇ ಟಾಟಾ ಏಸ್‌ಗಳಲ್ಲಿ ಕೆಲವರನ್ನು ತುಂಬಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಚಿಕ್ಕಪ್ಪ ಈಗ ಹುಷಾರಾಗಿದ್ದಾರೆ. ಆದರೆ ಅವರು ಮಾಡಿದ್ದು ಸರಿಯಾ, ನಾವು ಮಾಡಿದ್ದು ಸರಿಯಾ? ಆ ಹುಡುಗನ ಮುಖ ಇನ್ನೂ ಕಣ್ಣ ಮುಂದೆ ಬರುತ್ತದೆ, ರಾತ್ರಿ ನಿದ್ದೆ ಇಲ್ಲ."

ಉತ್ತರ:

ಸಹಾಯಕ್ಕೆ ಬಂದವರೇ ಕಲ್ಲು ಮನಸ್ಸಿನವರ ಹಾಗೆ ನಡೆದುಕೊಂಡರು ಅನ್ನೋದು ನಿಮ್ಮ ನೋವು. ಅದರ ಜೊತೆಗೆ ಇನ್ನೊಂದು ಭಯವೂ ಕಾಣುತ್ತಿದೆ, ನಾವೇ ಗಲಾಟೆ ಮಾಡಿ ಏನಾದರೂ ಕೆಡಿಸಿದೆವಾ ಅಂತ. ಎರಡಕ್ಕೂ ಉತ್ತರ ಕೊಡುತ್ತೇನೆ. ನಾನು ವರ್ಷಗಟ್ಟಲೆ ಆಂಬುಲೆನ್ಸಿನಲ್ಲಿ ಇಎಂಟಿಯಾಗಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿಯಾಗಿ ಕೆಲಸ ಮಾಡಿದವನು, ಈಗ ಹೊಸಬರಿಗೆ ತರಬೇತಿ ಕೊಡುತ್ತೇನೆ. ಆ ದಿನ ಅಲ್ಲಿ ಇರಲಿಲ್ಲವಾದ್ದರಿಂದ ಆ ಸಿಬ್ಬಂದಿ ಮಾಡಿದ್ದೆಲ್ಲ ಸರಿ ಅಂತ ಹೇಳಲಾರೆ. ಆದರೆ ನೀವು ಬರೆದಿರುವ ಮೂರೂ ವಿಷಯಗಳಲ್ಲಿ, ಅಂದರೆ ನಿಮ್ಮ ಚಿಕ್ಕಪ್ಪ, ಆ ಹೆಂಗಸು, ಆ ಹುಡುಗ, ಈ ಮೂವರ ವಿಷಯದಲ್ಲಿ ಅವರು ತರಬೇತಿಯಲ್ಲಿ ಕಲಿತದ್ದನ್ನೇ ಮಾಡಿದ್ದಾರೆ. ಯಾಕೆ ಹಾಗೆ ಕಲಿಸುತ್ತೇವೆ ಅನ್ನೋದನ್ನು ಜನರಿಗೆ ಯಾರೂ ಹೇಳಿಲ್ಲ. ಅದು ನಮ್ಮ ಕಡೆಯ ಕೊರತೆಯೇ.

ಮೊದಲ ಗಾಡಿ ಯಾಕೆ ತಕ್ಷಣ ಹೊರಡುವುದಿಲ್ಲ

ಒಂದು 108 ಗಾಡಿಯಲ್ಲಿ ಇರುವವರು ಇಬ್ಬರು. ಒಬ್ಬರು ಇಎಂಟಿ, ಇನ್ನೊಬ್ಬರು ಗಾಡಿ ಓಡಿಸುವ ಪೈಲಟ್. ಬಸ್ಸಿನಲ್ಲಿ ನಲವತ್ತು ಜನ ಇದ್ದರು ಅಂದುಕೊಳ್ಳಿ. ಮೊದಲು ಕಣ್ಣಿಗೆ ಬಿದ್ದವರ ಹತ್ತಿರ ಕೂತು, ಡ್ರಿಪ್ ಹಾಕಿ, ಕಾಲಿಗೆ ಆಸರೆ ಕಟ್ಟಿ, ಸ್ಟ್ರೆಚರ್ ಮೇಲೆ ಮಲಗಿಸಿ ಗಾಡಿಗೆ ಹಾಕುವಷ್ಟರಲ್ಲಿ ಹದಿನೈದು ಇಪ್ಪತ್ತು ನಿಮಿಷ ಹೋಗುತ್ತದೆ. ಅಷ್ಟರಲ್ಲಿ ಉಳಿದ ಮೂವತ್ತೊಂಬತ್ತು ಜನರಲ್ಲಿ ಯಾರಿಗೆ ಉಸಿರು ಕಟ್ಟುತ್ತಿದೆ, ಯಾರ ತೊಡೆಯಿಂದ ರಕ್ತ ಹರಿಯುತ್ತಿದೆ ಅಂತ ನೋಡಿದವರು ಯಾರೂ ಇರುವುದಿಲ್ಲ. ಗಾಡಿ ಹೊರಟುಹೋದರೆ ಆ ಜಾಗದಲ್ಲಿ ತರಬೇತಿ ಪಡೆದ ಒಬ್ಬರೂ ಉಳಿಯುವುದಿಲ್ಲ.

ಅದಕ್ಕೇ ಮೊದಲು ಬಂದ ಗಾಡಿಯ ಕೆಲಸವೇ ಬೇರೆ. ಪೈಲಟ್ ಗಾಡಿಯನ್ನು ಬೇರೆ ಆಂಬುಲೆನ್ಸ್‌ಗಳ ದಾರಿಗೆ ಅಡ್ಡ ಬಾರದ ಹಾಗೆ ನಿಲ್ಲಿಸಿ ಕಂಟ್ರೋಲ್ ರೂಮಿಗೆ ವಿವರ ಕೊಡಬೇಕು. ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ಬೆಂಗಳೂರು ಕಡೆ ಹೋಗುವ ಬದಿಯೋ ಚಿತ್ರದುರ್ಗ ಕಡೆಯದೋ, ಡೀಸೆಲ್ ಸೋರುತ್ತಿದೆಯಾ, ಕರೆಂಟಿನ ತಂತಿ ಬಿದ್ದಿದೆಯಾ, ಯಾವ ಸರ್ವಿಸ್ ರಸ್ತೆಯಿಂದ ಬಂದರೆ ಸಲೀಸು, ಅಂದಾಜು ಎಷ್ಟು ಜನ, ಇನ್ನೂ ಎಷ್ಟು ಗಾಡಿ ಬೇಕು, ಅಗ್ನಿಶಾಮಕದವರು ಬೇಕಾ, ಕ್ರೇನ್ ಬೇಕಾ. ಫೋನ್ ಹಿಡಿದು ನಿಂತವರನ್ನು ನೋಡಿ ಜನಕ್ಕೆ ಸಿಟ್ಟು ಬರುತ್ತದೆ. ಆದರೆ ಆ ಎರಡು ನಿಮಿಷದ ಮಾತಿನ ಮೇಲೆ ಮುಂದಿನ ಒಂದು ಗಂಟೆ ನಿಂತಿರುತ್ತದೆ. ಹತ್ತು ಗಾಡಿ ಬೇಕಾದ ಕಡೆ "ಬಸ್ ಆಕ್ಸಿಡೆಂಟ್, ಬೇಗ ಕಳಿಸಿ" ಅಂತ ಮಾತ್ರ ಹೇಳಿದರೆ ಎರಡೇ ಗಾಡಿ ಬರಬಹುದು.

ಇನ್ನು ಇಎಂಟಿ. ಅವರು ಎಲ್ಲರನ್ನೂ ಒಂದು ಸುತ್ತು ನೋಡಿ ಬರಬೇಕು, ಎಲ್ಲೂ ಕೂರುವ ಹಾಗಿಲ್ಲ. ಇದಕ್ಕೆ ಟ್ರಯಾಜ್ ಅಂತ ಕರೆಯುತ್ತೇವೆ. ಇದು ಹಳೆಯ ಪದ್ಧತಿ. ನೆಪೋಲಿಯನ್ ಸೈನ್ಯದಲ್ಲಿ ಸರ್ಜನ್ ಆಗಿದ್ದ ಡೊಮಿನಿಕ್ ಲಾರೆ, ಅಧಿಕಾರಿಯೋ ಸಾಮಾನ್ಯ ಸಿಪಾಯಿಯೋ ಅಂತ ನೋಡದೆ ಗಾಯದ ತೀವ್ರತೆ ನೋಡಿ ಮೊದಲು ಯಾರಿಗೆ ಚಿಕಿತ್ಸೆ ಅಂತ ತೀರ್ಮಾನಿಸುತ್ತಿದ್ದರು. ಇವತ್ತು ನಾವು ಕಲಿಸುವ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಟಾರ್ಟ್ ಅನ್ನುವುದು. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಅಲ್ಲಿನ ಹೋಗ್ ಆಸ್ಪತ್ರೆ ಮತ್ತು ಅಗ್ನಿಶಾಮಕ ದಳ ಸೇರಿ ಇದನ್ನು ರೂಪಿಸಿದವು. ಡಾಕ್ಟರ್ ಅಲ್ಲದವರೂ ಒಬ್ಬೊಬ್ಬರಿಗೆ ಒಂದು ನಿಮಿಷದೊಳಗೆ ಮಾಡಬಹುದಾದ ಪರೀಕ್ಷೆ ಅದು.

ಹೇಗೆ ಅಂದರೆ, ಮೊದಲು ಜೋರಾಗಿ ಕೂಗಿ ಹೇಳುತ್ತೇವೆ: ನಡೆಯೋಕೆ ಆಗುವವರೆಲ್ಲ ಆ ಮರದ ಕಡೆ ಬನ್ನಿ. ಬಂದವರಿಗೆಲ್ಲ ಹಸಿರು. ತಲೆಯಿಂದ ರಕ್ತ ಬರುತ್ತಿರಬಹುದು, ಕೈ ಮುರಿದಿರಬಹುದು, ಆದರೂ ಸದ್ಯಕ್ಕೆ ಹಸಿರೇ. ಬಸ್ಸಿನ ಸುತ್ತ ಇದ್ದವರಲ್ಲಿ ದೊಡ್ಡ ಗುಂಪು ಇದರಿಂದಲೇ ಬೇರೆಯಾಗುತ್ತದೆ. ಉಳಿದವರ ಹತ್ತಿರ ಹೋಗಿ ಮೂರೇ ವಿಷಯ ನೋಡುತ್ತೇವೆ. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದೆಯಾ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆಯಾ, "ನನ್ನ ಕೈ ಹಿಸುಕಿ" ಅಂದರೆ ಹಿಸುಕುತ್ತಾರಾ. ಈ ಮೂರರಲ್ಲಿ ಒಂದು ಕೆಟ್ಟರೂ ಕೆಂಪು, ಅಂದರೆ ಎಲ್ಲರಿಗಿಂತ ಮೊದಲು ಕಳಿಸಬೇಕಾದವರು. ಮೂರೂ ಸರಿ ಇದ್ದು ನಡೆಯೋಕೆ ಆಗದಿದ್ದರೆ ಹಳದಿ, ಅಂದರೆ ಸ್ವಲ್ಪ ಕಾಯಬಲ್ಲವರು. ಮೊದಲೆಲ್ಲ ನಾಡಿಯ ಬದಲು ಉಗುರು ಒತ್ತಿ ಬಿಟ್ಟು, ಮತ್ತೆ ಕೆಂಪಾಗೋಕೆ ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದಾ ಅಂತ ನೋಡುತ್ತಿದ್ದರು. ನೀವು ಹೇಳಿದ ಹಾಗೆ ಬೆಳಗಿನ ಜಾವದ ಕತ್ತಲಲ್ಲಿ ಅದು ಕಾಣುವುದೇ ಇಲ್ಲ, ಅದಕ್ಕೇ ನಾಡಿ.

ಈ ಸುತ್ತಿನಲ್ಲಿ ಮಾಡುವ ಚಿಕಿತ್ಸೆ ಎರಡೇ. ಉಸಿರಿನ ದಾರಿ ತೆರೆಯುವುದು, ಚಿಮ್ಮುವ ರಕ್ತ ನಿಲ್ಲಿಸುವುದು. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ನೋಡುವವರಿಗೆ "ಸುಮ್ನೆ ಮುಟ್ಟಿ ಮುಟ್ಟಿ ಹೋಗ್ತಿದಾರೆ" ಅನ್ನಿಸುವುದು ಇದರಿಂದಲೇ.

ಚಿಕ್ಕಪ್ಪ, ಆ ಹೆಂಗಸು, ಆ ಹುಡುಗ

ಈಗ ನಿಮ್ಮ ಚಿಕ್ಕಪ್ಪನ ವಿಷಯಕ್ಕೆ ಬರೋಣ. ಜೋರಾಗಿ ಕೂಗುವವರಿಗೇ ಜಾಸ್ತಿ ಪೆಟ್ಟಾಗಿದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ತಪ್ಪು ತಿಳಿವಳಿಕೆ. ಕೂಗುತ್ತಿದ್ದಾರೆ ಅಂದರೆ ಉಸಿರಿನ ದಾರಿ ತೆರೆದಿದೆ, ಶ್ವಾಸಕೋಶಕ್ಕೆ ಗಾಳಿ ಹೋಗುತ್ತಿದೆ, ಮಿದುಳಿಗೆ ರಕ್ತ ತಲುಪುತ್ತಿದೆ. ಅವರ ನೋವು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮೊಣಕಾಲ ಕೆಳಗಿನ ಮೂಳೆ ಮುರಿದವರು, ರಕ್ತ ಜೋರಾಗಿ ಹೋಗದಿದ್ದರೆ, ಒಂದೆರಡು ಗಂಟೆ ಕಾಯಬಲ್ಲರು. ಅವರಿಗೆ ಹಳದಿ ಸರಿಯೇ. ಆಮೇಲೆ ಒಬ್ಬರು ಮತ್ತೆ ಬಂದು ನೋಡಲೇಬೇಕು, ಯಾಕೆಂದರೆ ಹಳದಿ ಕೆಂಪಾಗಬಹುದು. ಅದರಲ್ಲೂ ತೊಡೆ ಮೂಳೆ ಮುರಿದವರ ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಒಂದು ತೊಡೆಯ ಒಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಿ ತುಂಬಿಕೊಳ್ಳಬಹುದು, ಹೊರಗೆ ಬರೀ ಊತ ಕಾಣುತ್ತದೆ.

ಸುಮ್ಮನೆ ಮಲಗಿದ್ದ ಹೆಂಗಸಿನ ವಿಷಯ. ಬಸ್ ಮಗುಚಿದಾಗ ಮುಂದಿನ ಸೀಟಿನ ಕಂಬಿ ಹೊಟ್ಟೆಗೆ ಬಡಿಯುತ್ತದೆ. ಗುಲ್ಮವೋ ಯಕೃತ್ತೋ ಸೀಳಿದರೆ ರಕ್ತವೆಲ್ಲ ಹೊಟ್ಟೆಯೊಳಗೇ ಹೋಗುತ್ತದೆ. ಮೇಲೆ ಗೀರೂ ಇರುವುದಿಲ್ಲ. ಮೈ ತಣ್ಣಗೆ, ಬೆವರು, ಉಸಿರು ಮೇಲೆ ಮೇಲೆ, ಮಣಿಕಟ್ಟಿನ ನಾಡಿ ಸಿಗುವುದಿಲ್ಲ, ಮಾತು ಕಡಿಮೆಯಾಗುತ್ತಾ ಹೋಗುತ್ತದೆ. ಇಂಥವರಿಗೆ ರಸ್ತೆ ಬದಿಯಲ್ಲಿ ನಾವು ಏನು ಮಾಡಿದರೂ ಅಷ್ಟಕ್ಕಷ್ಟೇ, ಆಪರೇಷನ್ ಟೇಬಲ್ಲೇ ಬೇಕು. ಅವರನ್ನು ಮೊದಲು ಕಳಿಸಿದ್ದು ಅದಕ್ಕೇ ಇರಬೇಕು. ನಮ್ಮ ಹೊಸಬರಿಗೆ ನಾನು ಮತ್ತೆ ಮತ್ತೆ ಹೇಳುವುದೂ ಇದನ್ನೇ, ಗಲಾಟೆ ಇರುವ ಕಡೆಗೆ ಕಾಲು ತಾನಾಗಿಯೇ ಹೋಗುತ್ತದೆ, ಸದ್ದಿಲ್ಲದ ಕಡೆಗೆ ನೀವೇ ಹೋಗಬೇಕು.

ಹುಡುಗನ ವಿಷಯ ಹೇಳುವುದು ಕಷ್ಟ, ಆದರೆ ನೀವು ನೇರವಾಗಿ ಕೇಳಿದ್ದೀರಿ. ದೊಡ್ಡವರಲ್ಲಿ ಉಸಿರು ನಿಂತಿದ್ದರೆ ತಲೆ ಅಥವಾ ದವಡೆಯನ್ನು ಸರಿಯಾದ ಭಂಗಿಗೆ ತಂದು ಉಸಿರಿನ ದಾರಿ ತೆರೆದು ನೋಡುತ್ತೇವೆ. ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚಿದ್ದರೆ ಆಗಲೇ ಉಸಿರು ಶುರುವಾಗುತ್ತದೆ, ಅವರಿಗೆ ಕೆಂಪು. ಶುರುವಾಗದಿದ್ದರೆ ಕಪ್ಪು. ನೀವು ನೋಡಿದ "ಗದ್ದ ಎತ್ತಿದ್ದು" ಅದೇ. ಅದು ಆ ಹುಡುಗನಿಗೆ ಕೊಟ್ಟ ನಿಜವಾದ ಅವಕಾಶ, ಕಾಟಾಚಾರಕ್ಕೆ ಮಾಡಿದ್ದಲ್ಲ. ಎದೆ ಒತ್ತುವುದು ಯಾಕೆ ಮಾಡಲಿಲ್ಲ? ಅಪಘಾತದ ಪೆಟ್ಟಿನಿಂದ ಹೃದಯ ನಿಂತವರು ಸಿಪಿಆರ್‌ನಿಂದ ಬದುಕುವುದು ತೀರಾ ಅಪರೂಪ. ರಕ್ತವೇ ಖಾಲಿಯಾಗಿದ್ದರೆ, ಮಿದುಳಿಗೇ ಪೆಟ್ಟಾಗಿದ್ದರೆ ಎದೆ ಒತ್ತಿ ಪ್ರಯೋಜನ ಆಗುವುದಿಲ್ಲ. ಅದೇ ಒಬ್ಬನೇ ಹುಡುಗ ಬೈಕಿನಿಂದ ಬಿದ್ದಿದ್ದರೆ ನಾವು ಆ ಅಪರೂಪದ ಸಾಧ್ಯತೆಗೂ ಪ್ರಯತ್ನ ಮಾಡುತ್ತೇವೆ. ನಲವತ್ತು ಜನರಿದ್ದಾಗ ಇಎಂಟಿ ಅಲ್ಲಿ ಕೂತರೆ ಬದುಕಬಹುದಾದ ಇನ್ನೊಬ್ಬರು ಹೋಗುತ್ತಾರೆ. ಈ ತೀರ್ಮಾನವನ್ನು ಹಗುರವಾಗಿ ತೆಗೆದುಕೊಂಡ ಇಎಂಟಿಯನ್ನು ನಾನು ನೋಡಿಲ್ಲ. ಕಪ್ಪು ಪಟ್ಟಿ ಅಂದರೆ ಸಾವಿನ ಘೋಷಣೆಯೂ ಅಲ್ಲ, ಅದನ್ನು ಡಾಕ್ಟರೇ ಮಾಡಬೇಕು. ಕೈಗಳು ಜಾಸ್ತಿಯಾದ ಮೇಲೆ ಕಪ್ಪು ಪಟ್ಟಿಯವರನ್ನೂ ಮತ್ತೊಮ್ಮೆ ನೋಡಬೇಕು ಅಂತಲೇ ಕಲಿಸುತ್ತೇವೆ.

ಎಲ್ಲ ಕಡೆಯೂ ಇದೇ ನಿಯಮ ನಡೆಯುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಹೃದಯಕ್ಕಿಂತ ಮೊದಲು ಉಸಿರು ನಿಲ್ಲುತ್ತದೆ, ಆದ್ದರಿಂದ ನಾಡಿ ಸಿಕ್ಕರೆ ಐದು ಸಲ ಉಸಿರು ಊದಿ ನೋಡಿದ ಮೇಲೆಯೇ ಬಣ್ಣ. ಸಿಡಿಲು ಬಡಿದ ಕಡೆ ಪೂರ್ತಿ ಉಲ್ಟಾ, ಸತ್ತ ಹಾಗೆ ಕಾಣುವವರ ಹತ್ತಿರವೇ ಮೊದಲು ಹೋಗಬೇಕು, ಸಿಪಿಆರ್‌ಗೆ ಅವರು ಸ್ಪಂದಿಸುವ ಸಾಧ್ಯತೆ ಚೆನ್ನಾಗಿರುತ್ತದೆ. ನಮ್ಮಲ್ಲಿ ಮುಂಗಾರಿಗೆ ಮುಂಚೆ ಹೊಲದಲ್ಲಿ, ಮರದ ಕೆಳಗೆ ಗುಂಪಾಗಿ ನಿಂತವರಿಗೆ ಸಿಡಿಲು ಹೊಡೆಯುವುದು ಇದೆಯಲ್ಲ, ಹಳ್ಳಿಯವರಿಗೆ ಇದು ಗೊತ್ತಿರಲೇಬೇಕು. ಜನಜಂಗುಳಿಯಲ್ಲೂ ಹಾಗೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರಲ್ಲ. ಇಂಥ ಕಡೆ ಸಾಮಾನ್ಯವಾಗಿ ಜೀವ ತೆಗೆಯುವುದು ಎದೆ ಅಗಲಿಸೋಕೂ ಆಗದಂಥ ಒತ್ತಡ. ದೇಹದ ಒಳಗೆ ರಕ್ತ ಪೂರ್ತಿ ಇರುತ್ತದೆ. ಈಗಷ್ಟೇ ಉಸಿರು ನಿಂತವರನ್ನು ಹೊರಗೆಳೆದು ಸುತ್ತ ಇರುವವರೇ ಸಿಪಿಆರ್ ಶುರು ಮಾಡಿದರೆ ಬದುಕುವ ಸಾಧ್ಯತೆ ಇದೆ.

ಕಟ್ಟಡ ಕುಸಿತ ಮತ್ತೊಂದು ಬಗೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಎರಡು ದಿನ ಕಳೆದ ಮೇಲೂ ಅವಶೇಷಗಳ ಅಡಿಯಿಂದ ಜೀವಂತವಾಗಿ ಹೊರಬಂದವರು ಅಲ್ಲಿ ಇದ್ದರು. ಅಲ್ಲಿ ಅವಸರದಲ್ಲಿ ಎಳೆಯುವುದೇ ಅಪಾಯ. ಗಂಟೆಗಟ್ಟಲೆ ಕಾಲಿನ ಮೇಲೆ ಭಾರ ಬಿದ್ದಿದ್ದರೆ ನಜ್ಜುಗುಜ್ಜಾದ ಮಾಂಸಖಂಡದಲ್ಲಿ ಪೊಟ್ಯಾಸಿಯಂ ಸೇರಿಕೊಂಡಿರುತ್ತದೆ. ಭಾರ ಎತ್ತಿದ ತಕ್ಷಣ ಅದೆಲ್ಲ ಹೃದಯಕ್ಕೆ ನುಗ್ಗಿ, ಅಲ್ಲಿಯವರೆಗೆ ಮಾತಾಡುತ್ತಿದ್ದವರು ಕಣ್ಣೆದುರೇ ಹೋಗಿಬಿಡಬಹುದು. ಅದಕ್ಕೇ ಎತ್ತುವ ಮುಂಚೆ ಸಲೈನ್ ಹಾಕುತ್ತಾರೆ.

ಈ ವಿಧಾನದಲ್ಲೂ ತಪ್ಪಾಗುತ್ತದೆ

ಟ್ರಯಾಜ್ ಅಂದರೆ ತಪ್ಪೇ ಆಗದ ಶಾಸ್ತ್ರ ಅಂತ ನಾನು ಹೇಳುವುದಿಲ್ಲ. ಸ್ಟಾರ್ಟ್ ಅಗತ್ಯಕ್ಕಿಂತ ಜಾಸ್ತಿ ಜನರಿಗೆ ಕೆಂಪು ಹಾಕುತ್ತದೆ ಅನ್ನುವ ದೂರು ಹಳೆಯದು. ಬರೀ ಗಾಬರಿಯಿಂದ ಏದುಸಿರು ಬಿಡುವವರಿಗೂ ಕೆಂಪು ಬೀಳಬಹುದು. ಹಸಿರು ಪಟ್ಟಿ ಹಾಕಿಸಿಕೊಂಡು ಮರದ ಕೆಳಗೆ ಕೂತವರು ಅರ್ಧ ಗಂಟೆಗೆ ಕುಸಿದು ಬೀಳಬಹುದು, ತಲೆಗೆ ಪೆಟ್ಟಾದವರಲ್ಲಿ ಇದು ಆಗುತ್ತದೆ. ಮೊದಲು ಚೆನ್ನಾಗಿ ಮಾತಾಡಿ, ಆಮೇಲೆ ತೊದಲಿ, ವಾಂತಿ ಮಾಡಿ, ನಿದ್ದೆಗೆ ಜಾರುತ್ತಾರೆ. ಆದ್ದರಿಂದ ಬಣ್ಣ ಒಂದು ಸಲ ಹಾಕಿದರೆ ಮುಗಿಯಲಿಲ್ಲ, ಮತ್ತೆ ಮತ್ತೆ ನೋಡುತ್ತಿರಬೇಕು. ಎರಡನೇ, ಮೂರನೇ ಗಾಡಿ ಬಂದಾಗ ಆ ಕೆಲಸಕ್ಕೇ ಒಬ್ಬರನ್ನು ಇಡಬೇಕು. ಅದು ಆಗದಿದ್ದರೆ ಅಲ್ಲಿ ನಿಜವಾಗಿಯೂ ಲೋಪ ಆಗಿದೆ ಅಂತಲೇ ಅರ್ಥ. ನಿಮ್ಮ ಚಿಕ್ಕಪ್ಪನ ಹತ್ತಿರ ಆಮೇಲೆ ಯಾರಾದರೂ ಬಂದರಾ? ಬಂದಿರದಿದ್ದರೆ ಆ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯುವುದು ನ್ಯಾಯವೇ. ಹಳದಿ ಪಟ್ಟಿ ಕಟ್ಟಿದ್ದಕ್ಕಲ್ಲ, ಮತ್ತೆ ಬಂದು ನೋಡದೇ ಇದ್ದುದಕ್ಕೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲೇ ಸಾಮೂಹಿಕ ಗಾಯಾಳುಗಳ ನಿರ್ವಹಣೆಗೆ ಮಾರ್ಗಸೂಚಿ ತಂದಿದೆ. ಕಾಗದದಲ್ಲಿ ಎಲ್ಲ ಇದೆ. ಆದರೆ ಪೊಲೀಸರು, ಅಗ್ನಿಶಾಮಕದವರು, 108 ಮತ್ತು ತಾಲೂಕು ಆಸ್ಪತ್ರೆ ಒಟ್ಟಿಗೆ ನಿಂತು ಮಾಡುವ ಅಣಕು ಕಾರ್ಯಾಚರಣೆ ಹೈವೇ ಪಕ್ಕದ ತಾಲೂಕುಗಳಲ್ಲಿ ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇವರು ಮೊದಲ ಸಲ ಒಬ್ಬರನ್ನೊಬ್ಬರು ನೋಡುವುದು ಅಪಘಾತದ ಜಾಗದಲ್ಲಿ ಆದರೆ ಹೇಗೆ?

ಟಾಟಾ ಏಸ್‌ನಲ್ಲಿ ಒಯ್ದಿದ್ದು ಸರಿಯಾ?

ನೀವು ಓಡಿ ಹೋಗಿದ್ದಕ್ಕೆ ಮೊದಲು ಕೈ ಮುಗಿಯುತ್ತೇನೆ. ದೊಡ್ಡ ದುರಂತಗಳಲ್ಲಿ ಮೊದಲ ಹತ್ತಿಪ್ಪತ್ತು ನಿಮಿಷ ಜೀವ ಉಳಿಸುವವರು ಸ್ಥಳೀಯರೇ. 2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ವಿಮಾನ ಕಣಿವೆಗೆ ಬಿದ್ದು 158 ಜನ ತೀರಿಕೊಂಡಾಗ ಬದುಕಿ ಉಳಿದ 8 ಜನರಿಗೆ ಮೊದಲು ಆಸರೆಯಾದವರು ಸುತ್ತಲಿನ ಊರಿನವರು. 2020ರ ಆಗಸ್ಟ್ 7ರಂದು ಕೇರಳದ ಕರಿಪುರದಲ್ಲಿ ವಿಮಾನ ರನ್‌ವೇಯಿಂದ ಜಾರಿ ಬಿದ್ದಾಗ, ಅದೂ ಮಳೆಯಲ್ಲಿ, ಕೊರೊನಾ ಕಾಲದಲ್ಲಿ, ಅಕ್ಕಪಕ್ಕದವರು ತಮ್ಮ ಕಾರುಗಳಲ್ಲೇ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಿ ಆಮೇಲೆ ಕ್ವಾರಂಟೈನ್‌ಗೆ ಹೋದರು.

ಹಾಗಿದ್ದರೂ ಸ್ವಂತ ಗಾಡಿಯಲ್ಲಿ ಒಯ್ಯುವುದರಲ್ಲಿ ಎರಡು ಅಪಾಯ ಇವೆ. ಒಂದು, ಕುತ್ತಿಗೆ ಅಥವಾ ಬೆನ್ನುಮೂಳೆ ಮುರಿದವರನ್ನು ಕೈಕಾಲು ಹಿಡಿದು ಎತ್ತಿ ಹಾಕಿದರೆ ಜೀವನಪೂರ್ತಿ ನಡೆಯದ ಹಾಗೆ ಆಗಬಹುದು. ಎರಡನೆಯದನ್ನು ಜನ ಯೋಚಿಸುವುದೇ ಇಲ್ಲ. ಎಲ್ಲರೂ ಒಂದೇ ಹತ್ತಿರದ ಆಸ್ಪತ್ರೆಗೆ ನುಗ್ಗುತ್ತಾರೆ. ಅದರಲ್ಲೂ ಮೊದಲು ತಲುಪುವವರು ನಡೆಯಬಲ್ಲವರು, ಚಿಕ್ಕಪುಟ್ಟ ಗಾಯದವರು. ಕೆಂಪು ಪಟ್ಟಿಯವರು ಬರುವಷ್ಟರಲ್ಲಿ ಹಾಸಿಗೆ ಇಲ್ಲ, ನರ್ಸ್ ಇಲ್ಲ, ಇರುವ ಒಬ್ಬ ಸರ್ಜನ್ ಯಾರದೋ ಹಣೆಗೆ ಹೊಲಿಗೆ ಹಾಕುತ್ತಿರುತ್ತಾರೆ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಹರಡಿದಾಗ ಸೇಂಟ್ ಲ್ಯೂಕ್ಸ್ ಅನ್ನುವ ಒಂದೇ ಆಸ್ಪತ್ರೆಗೆ ಆ ದಿನ 640 ಜನ ಬಂದರು, ಅವರಲ್ಲಿ ಹೆಚ್ಚಿನವರು ನಡೆದೋ ಟ್ಯಾಕ್ಸಿಯಲ್ಲೋ ಬಂದವರು. ಅವರ ಬಟ್ಟೆಯಲ್ಲಿದ್ದ ವಿಷ ಆಸ್ಪತ್ರೆ ಸಿಬ್ಬಂದಿಗೂ ತಗುಲಿತು. ನಿಮ್ಮ ಹೈವೇಯಲ್ಲೂ ಕೆಮಿಕಲ್ ಟ್ಯಾಂಕರ್‌ಗಳು ಓಡಾಡುತ್ತವೆ ಅನ್ನೋದು ನೆನಪಿರಲಿ. ಟ್ಯಾಂಕರ್ ಉರುಳಿದ್ದರೆ ಗಾಳಿ ಬೀಸುವ ದಿಕ್ಕು ನೋಡಿ ದೂರ ನಿಲ್ಲಿ, ಹತ್ತಿರ ಹೋಗಲೇಬೇಡಿ.

ಗಾಯಾಳುಗಳನ್ನು ಹಂಚಿ ಕಳಿಸುವುದು ಇಷ್ಟೊಂದು ಮುಖ್ಯ ಆಗುವುದು ಇದಕ್ಕೇ. 2023ರ ಜೂನ್ 2ರಂದು ಒಡಿಶಾದ ಬಹನಾಗ ಬಜಾರ್ ಹತ್ತಿರ ಮೂರು ರೈಲುಗಳ ಅಪಘಾತವಾಗಿ 290ಕ್ಕೂ ಹೆಚ್ಚು ಜನ ತೀರಿಕೊಂಡರು, ಸಾವಿರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಅವರನ್ನು ಸೋರೊ, ಬಾಲಸೋರ್, ಭದ್ರಕ್, ದೂರದ ಕಟಕ್ ಹೀಗೆ ಹಲವು ಊರುಗಳ ಆಸ್ಪತ್ರೆಗಳಿಗೆ ಕಳಿಸಿದರು. ಅಷ್ಟು ಜನರನ್ನು ಒಂದೇ ಜಿಲ್ಲಾಸ್ಪತ್ರೆಗೆ ಸುರಿದಿದ್ದರೆ ಆಸ್ಪತ್ರೆ ಆವತ್ತೇ ಕೈಚೆಲ್ಲುತ್ತಿತ್ತು. ಹಂಚಿದಾಗ ಇನ್ನೊಂದು ಕಷ್ಟ ಶುರುವಾಗುತ್ತದೆ, ಯಾರನ್ನು ಎಲ್ಲಿಗೆ ಕಳಿಸಿದರು ಅಂತ ಬರೆದಿಡದಿದ್ದರೆ ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ಬಾಲಸೋರ್‌ನಲ್ಲಿ ಎಷ್ಟೋ ಕುಟುಂಬಗಳಿಗೆ ಅದೇ ಆಯಿತು. ಗುರುತು ಸಿಗದ ದೇಹಗಳಿಗೆ ಡಿಎನ್‌ಎ ಪರೀಕ್ಷೆಯವರೆಗೂ ಹೋಗಬೇಕಾಯಿತು.

ಹಾಗಾದರೆ ಮುಂದೆ ಇಂಥದ್ದು ಆದರೆ ನೀವು ಏನು ಮಾಡಬಹುದು ಅಂತ ಹೇಳುತ್ತೇನೆ.

ಆಂಬುಲೆನ್ಸ್ ಬರುವ ಮುಂಚೆ, ಮೊದಲು ರಸ್ತೆ ನೋಡಿ. ಮಗುಚಿದ ಬಸ್ಸಿಗೆ ಹಿಂದಿನಿಂದ ಲಾರಿ ಬಂದು ಗುದ್ದಿದರೆ ಸಹಾಯಕ್ಕೆ ಹೋದ ನೀವೇ ಹೋಗುತ್ತೀರಿ. ಇಬ್ಬರು ನೂರು ಮೀಟರ್ ಹಿಂದೆ, ರಸ್ತೆ ಬಿಟ್ಟು ಅಂಚಿನಲ್ಲಿ ನಿಂತು ಟಾರ್ಚ್ ಬೀಸಲಿ. ಬೀಡಿ ಸಿಗರೇಟು ಆರಿಸಿ. 108ಕ್ಕೆ ಫೋನ್ ಮಾಡಿ ನಾನು ಮೇಲೆ ಬರೆದ ವಿವರ ಕೊಡಿ, ಪೊಲೀಸರಿಗೂ ಅಗ್ನಿಶಾಮಕದವರಿಗೂ 112. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಮಾಡಿ, ಹೆದ್ದಾರಿ ಪ್ರಾಧಿಕಾರದ ಆಂಬುಲೆನ್ಸ್ ಮತ್ತು ಕ್ರೇನ್ ಅಲ್ಲಿಂದ ಬರುತ್ತವೆ. ಎಲ್ಲರೂ ಫೋನ್ ಮಾಡುವುದು ಬೇಡ, ಒಬ್ಬರು ಮಾಡಿ ಲೈನಿನಲ್ಲೇ ಇರಿ.

ಆಮೇಲೆ ರಕ್ತ. ಚಿಮ್ಮುತ್ತಿರುವ ಗಾಯದ ಮೇಲೆ ಮಡಚಿದ ಟವೆಲ್ ಇಟ್ಟು ಪೂರ್ತಿ ಭಾರ ಹಾಕಿ ಒತ್ತಿ. ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಒತ್ತಿದರೂ ಕೈ ಅಥವಾ ಕಾಲಿನಿಂದ ರಕ್ತ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ, ಕೀಲು ಬಿಟ್ಟು, ಅಗಲವಾದ ಬಟ್ಟೆ ಕಟ್ಟಿ ಒಂದು ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ, ಕಟ್ಟಿದ ಸಮಯವನ್ನು ಹತ್ತಿರ ಎಲ್ಲಾದರೂ ಬರೆಯಿರಿ. ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಗಂಟೆಗಟ್ಟಲೆ ಬಿಟ್ಟರೆ ಕಾಲಿಗೇ ತೊಂದರೆ, ತೆಳ್ಳಗಿನ ಹಗ್ಗ ಅಥವಾ ತಂತಿ ಕಟ್ಟಿದರೆ ಚರ್ಮ ಸೀಳುತ್ತದೆ, ಸಡಿಲವಾಗಿ ಕಟ್ಟಿದರೆ ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ಆದರೆ ದೊಡ್ಡ ರಕ್ತನಾಳ ಕಡಿದಿದ್ದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ, ಆಗ ಕಟ್ಟಲೇಬೇಕು. ಪ್ರಜ್ಞೆ ಇಲ್ಲದೆ ಉಸಿರಾಡುತ್ತಿರುವವರನ್ನು ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಹಿಡಿದು ಇಬ್ಬರು ಮೂವರು ಸೇರಿ ಮಗ್ಗುಲಿಗೆ ತಿರುಗಿಸಿ, ಇಲ್ಲದಿದ್ದರೆ ವಾಂತಿ ಶ್ವಾಸಕ್ಕೆ ಹೋಗುತ್ತದೆ. ನೀರು ಕುಡಿಸಬೇಡಿ. ಬಾಯಾರಿಕೆ ಅಂತ ಬೇಡುತ್ತಾರೆ, ಕರುಳು ಕಿವುಚುತ್ತದೆ, ಆದರೂ ತುಟಿ ಒದ್ದೆ ಮಾಡಿ ಸಾಕು. ಬಸ್ಸಿನೊಳಗೆ ಸಿಕ್ಕಿಬಿದ್ದವರನ್ನು ಬೆಂಕಿ ಹತ್ತುವ ಭಯ ಇದ್ದರೆ ಹೇಗಾದರೂ ಎಳೆಯಿರಿ, ಇಲ್ಲದಿದ್ದರೆ ಕುತ್ತಿಗೆಗೆ ಕೈ ಆಸರೆ ಕೊಟ್ಟು ಕಾಯಿರಿ.

ಗಾಡಿ ಬಂದ ಮೇಲೆ ಇಎಂಟಿಯ ಹತ್ತಿರ ಹೋಗಿ, "ನಾವು ಇಷ್ಟು ಜನ ಇದ್ದೀವಿ, ಏನು ಮಾಡಬೇಕು ಹೇಳಿ" ಅನ್ನಿ. ಆ ಒಂದು ಮಾತು ಕೇಳಿದರೆ ನಮಗೆ ಎಷ್ಟು ಧೈರ್ಯ ಬರುತ್ತದೆ ಅಂತ ನಿಮಗೆ ಹೇಳಲಾರೆ. ಹಸಿರಿನವರನ್ನು ಒಂದು ಕಡೆ ಕೂರಿಸಿ ಹೆಸರು ಬರೆದುಕೊಳ್ಳುವುದು, ಗಾಯ ಒತ್ತಿ ಹಿಡಿಯುವುದು, ಗಾಡಿ ಬರುವ ದಾರಿಯಿಂದ ಬೈಕುಗಳನ್ನು ತೆಗೆಸುವುದು, ಹಳದಿಯವರ ಪಕ್ಕದಲ್ಲಿ ಕೂತು ಯಾರಾದರೂ ಮಂಕಾದರೆ ಕೂಗಿ ಹೇಳುವುದು, ಇಷ್ಟಕ್ಕೇ ಹತ್ತಾರು ಜನ ಬೇಕು. ಸಿಬ್ಬಂದಿಯನ್ನು ಹಿಡಿದು ಎಳೆದಾಡಿದರೆ ಆ ಹೊತ್ತಿನಲ್ಲಿ ನಷ್ಟವಾಗುವುದು ಅಲ್ಲಿ ಮಲಗಿರುವವರಿಗೇ. ನಿಮ್ಮೂರಿನವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಇದನ್ನು ಹೇಳದೆ ಇರಲಾರೆ.

ಸ್ವಂತ ಗಾಡಿಯಲ್ಲಿ ಯಾವಾಗ ಒಯ್ಯಬಹುದು? ಆಂಬುಲೆನ್ಸ್ ತಡ ಅಂತ ಕಂಟ್ರೋಲ್ ರೂಮಿನವರೇ ಹೇಳಿದರೆ, ಒತ್ತಿದರೂ ರಕ್ತ ನಿಲ್ಲದಿದ್ದರೆ, ಉಸಿರು ಕಟ್ಟುತ್ತಿದ್ದರೆ ಕಾಯಬೇಡಿ. ಬಾಗಿಲನ್ನೋ ಹಲಗೆಯನ್ನೋ ಕೆಳಗೆ ಕೊಟ್ಟು ಮಲಗಿಸಿಕೊಂಡು ಹೊರಡಿ, ಒಬ್ಬರು ತಲೆ ಅಲ್ಲಾಡದ ಹಾಗೆ ಹಿಡಿದುಕೊಳ್ಳಲಿ, ಯಾವ ಆಸ್ಪತ್ರೆ ಅಂತ 108ರವರನ್ನೇ ಕೇಳಿ. ಇಎಂಟಿ ಸ್ಥಳದಲ್ಲಿದ್ದರೆ ಅವರನ್ನು ಕೇಳದೆ ಯಾರನ್ನೂ ಒಯ್ಯಬೇಡಿ. ಹಸಿರಿನವರನ್ನು ಟಾಟಾ ಏಸ್‌ನಲ್ಲಿ, ಬೇಕಾದರೆ ಇನ್ನೊಂದು ಬಸ್ಸಿನಲ್ಲಿ, ಸ್ವಲ್ಪ ದೂರದ ಆಸ್ಪತ್ರೆಗೆ ಕಳಿಸುವುದು ಒಳ್ಳೆಯ ಉಪಾಯ. ಎಷ್ಟೋ ಸಲ ನಾವೇ ಊರಿನವರನ್ನು ಅದಕ್ಕೆ ಕೇಳುತ್ತೇವೆ.

ಪೊಲೀಸ್ ಕೇಸಿನ ಭಯದಿಂದ ಹಿಂದೆ ಸರಿಯುವವರು ಈಗಲೂ ಇದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಅಂತ ಬಲವಂತ ಮಾಡುವಂತಿಲ್ಲ. ತುರ್ತು ಚಿಕಿತ್ಸೆಗೆ ಪೊಲೀಸರು ಬರಲಿ ಅಂತ ಯಾವ ಡಾಕ್ಟರೂ ಕಾಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ದುಡ್ಡಿನ ವಿಷಯಕ್ಕೆ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ತಂದಿದೆ. ಆಸ್ಪತ್ರೆಯಲ್ಲಿ ಅದನ್ನು ಕೇಳಿ.

ಕೊನೆಗೆ ನಿಮ್ಮ ನಿದ್ದೆಯ ವಿಷಯ. ನೀವು ಕೂಗಿದ್ದು ತಪ್ಪಲ್ಲ. ಒಬ್ಬ ಹುಡುಗ ಉಸಿರಾಡುತ್ತಿಲ್ಲ ಅಂತ ಗುರುತಿಸಿ ಇಎಂಟಿಯನ್ನು ಅಲ್ಲಿಗೆ ಕರೆದವರು ನೀವು. ಉಸಿರಿನ ದಾರಿ ತೆರೆದ ಮೇಲೂ ಉಸಿರು ಬರಲಿಲ್ಲ ಅಂದರೆ ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ನೀವು ಮಾಡಬಹುದಾಗಿದ್ದು ಬೇರೇನೂ ಉಳಿದಿರಲಿಲ್ಲ. ಇಂಥದ್ದನ್ನು ನೋಡಿದ ಮೇಲೆ ಕೆಲವು ವಾರ ನಿದ್ದೆ ಕೆಡುವುದು, ಅದೇ ದೃಶ್ಯ ಬರುವುದು, ಟೈರ್ ಕಿರುಚಿದರೆ ಬೆಚ್ಚಿಬೀಳುವುದು ಸಹಜ. ನಮಗೂ ಆಗುತ್ತದೆ. ಆದರೆ ನೀವು ಹೇಳುವ ಪ್ರಕಾರ ತಿಂಗಳುಗಳೇ ಕಳೆದಿವೆ. ಒಂದು ತಿಂಗಳು ದಾಟಿದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆಯಿಂದ ವಾಸಿಯೂ ಆಗುತ್ತದೆ. ಮರೆಯೋಕೆ ಅಂತ ಕುಡಿತಕ್ಕೆ ಇಳಿಯಬೇಡಿ, ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಆವತ್ತು ನಿಮ್ಮ ಜೊತೆ ಓಡಿಬಂದವರಲ್ಲೂ ಯಾರಾದರೂ ಹೀಗೇ ನಿದ್ದೆಗೆಟ್ಟಿರಬಹುದು, ಅವರಿಗೂ ಈ ನಂಬರ್ ಕೊಡಿ.